ಮಂತ್ರಿ ಹತ್ತದ ಕೆಂಪು ಕಾರು

ಒಂದು ಗುಡ್ಡದ ಮೇಲೆ ಒಬ್ಬ ದೊರೆ ಇದ್ದ. ದೊರೆಗಳ ಕಾಲದಲ್ಲಿ ಕಾರೆಲ್ಲಿತ್ತು ಅಂತ ಯಾರೂ ನಡುವೆ ಬಾಯಿ ಹಾಕಬೇಡಿ. ಕಥೆ ನನ್ನದು, ಕಾರೂ ನನ್ನದೇ. ನಗುವ ಕಥೆಯೂ ಅಲ್ಲ ಇದು. ಸುಮ್ಮನೆ ಕೂತು ಕೇಳಿ.

ಗುಡ್ಡದ ಹೆಸರು ಹುಲಿಗುಡ್ಡ. ದೊರೆಯ ಹೆಸರು ವೀರಮಾರ. ಅರಮನೆ ಗುಡ್ಡದ ನೆತ್ತಿಯಲ್ಲಿ, ಊರು ಬುಡದಲ್ಲಿ. ನಡುವೆ ಒಂದೇ ದಾರಿ. ಕಡಿದಾದ ಇಳಿಜಾರು, ಕಿರಿದಾದ ತಿರುವು, ಪಕ್ಕದಲ್ಲೇ ಕಮರಿ. ಒಂದು ಸಲ ಬುಡದ ಹೂದೋಟಕ್ಕೆ ಹೋದ ರಾಣಿಯನ್ನು ಹಾವು ಕಚ್ಚಿತು. ಅರಮನೆಯ ವೈದ್ಯೆ ಬೆಳ್ಳಮ್ಮನನ್ನು ಕೂರಿಸಿಕೊಂಡು ದೊರೆಯ ಕಾರು ಹೊರಟಿತು. ಆನೆಯಂಥ ಕಾರು, ತಿರುವಿನಲ್ಲಿ ಸಿಕ್ಕಿಕೊಂಡಿತು. ಮುಂದಕ್ಕೂ ಹೋಗದು, ಹಿಂದಕ್ಕೂ ಹೋಗದು. ಬೆಳ್ಳಮ್ಮ ಇಳಿದು ಓಡಿದಳು. ಅವಳು ಮುಟ್ಟುವಷ್ಟರಲ್ಲಿ ರಾಣಿಯ ಮೈ ತಣ್ಣಗಾಗಿತ್ತು.

ದೊರೆ ಬಹಳ ದಿನ ಮಂಕಾಗಿ ಕೂತಿದ್ದ. ಆಮೇಲೆ ಹೇಳಿದ: "ನನ್ನ ಮನೆಗೆ ಆದದ್ದು ಊರಲ್ಲಿ ಇನ್ನೊಂದು ಮನೆಗೆ ಆಗಬಾರದು. ವೈದ್ಯೆಗೆ ಅಂತಲೇ ಒಂದು ಪುಟ್ಟ ಕಾರು ತನ್ನಿ. ಗಾಳಿ ಹಾಗೆ ಓಡಬೇಕು."

ಎರಡು ಕಾರು ಬಂದವು. ಒಂದು ಕೆಂಪು, ಒಂದು ಬೂದಿ ಬಣ್ಣ. ಎರಡೂ ಪುಟ್ಟವು, ಎರಡೂ ಚುರುಕು, ಎರಡೂ ನೆಲಕ್ಕೆ ಅಂಟಿಕೊಂಡು ಓಡುವಂಥವು. ಕೆಂಪಿನದು ಶುರುವಾದರೆ ಗುಡುಗು, ಬೂದಿಯದು ಸದ್ದು ಕಡಿಮೆ. ಯಾವುದನ್ನು ಆರಿಸಬೇಕೋ ದೊರೆಗೆ ತಿಳಿಯಲಿಲ್ಲ. ಮಂತ್ರಿ ಸಂಪಂಗಯ್ಯನಿಗೆ ಮಾತ್ರ ಚೆನ್ನಾಗಿ ತಿಳಿದಿತ್ತು, ಯಾಕೆಂದರೆ ಕೆಂಪು ಕಾರಿನ ಸಾಹುಕಾರ ಅವನಿಗೆ ಗುಟ್ಟಾಗಿ ಒಂದು ಮಾವಿನ ತೋಟ ಕೊಡುತ್ತೇನೆ ಅಂದಿದ್ದ. ಅದೇ ಸಾಹುಕಾರ ಇನ್ನೊಂದು ಮಾತನ್ನೂ ಹೇಳಿದ್ದ: "ಸ್ವಾಮೀ, ಇಳಿಜಾರಲ್ಲಿ ಜೋರಾಗಿ ಬಿಟ್ರೆ ಇದರ ಬ್ರೇಕು ಕಾದುಹೋಗಿ ಹಿಡಿಯೋದಿಲ್ಲ. ಓಡಿಸೋನಿಗೆ ಒಂದು ಮಾತು ಹೇಳಿಬಿಡಿ."

ಮಂತ್ರಿ ಹೇಳಲಿಲ್ಲ. ಹೇಳಿದರೆ ಕೆಂಪು ಕಾರು ಸೋಲುತ್ತದಲ್ಲ!

ಪಂದ್ಯ ಇಟ್ಟರು. ಕೆಂಪು ಕಾರಿಗೆ ಅರಮನೆಯ ಡ್ರೈವರ್ ಚೆಲುವಯ್ಯ. ಬೂದಿ ಕಾರಿಗೆ ಅವನ ಮಗಳು ಹೊನ್ನಿ. ಮೊದಲು ಬಯಲಲ್ಲಿ ಓಡಿಸಿದರು, ಕೆಂಪು ಮುಂದೆ. ಆಮೇಲೆ ಗುಡ್ಡ ಹತ್ತಿಸಿದರು, ಕೆಂಪು ಮುಂದೆ. ಆಮೇಲೆ ಗುಡ್ಡ ಇಳಿಸಿದರು. ಆಗಲೂ ಕೆಂಪೇ ಮುಂದೆ. ಆದರೆ ತಿರುವು ಬಂದಾಗ ಅದು ತಿರುಗಲಿಲ್ಲ, ನಿಲ್ಲಲೂ ಇಲ್ಲ. ಹಿಂದೆ ಬರುತ್ತಿದ್ದ ಹೊನ್ನಿ ನೋಡನೋಡುತ್ತಿದ್ದಂತೆ ಅವಳಪ್ಪ ಕಾರಿನ ಸಮೇತ ಕಮರಿಗೆ ಹೋದ.

"ಕಾರಿನ ತಪ್ಪಲ್ಲ ಪ್ರಭು," ಅಂದ ಮಂತ್ರಿ. "ಚೆಲುವಯ್ಯ ಕುಡಿದಿದ್ದ. ನನಗೇ ವಾಸನೆ ಬಡೀತು."

ಚೆಲುವಯ್ಯ ಹುಟ್ಟಿದಾಗಿನಿಂದ ಒಂದು ಹನಿ ಮುಟ್ಟಿದವನಲ್ಲ. ಆದರೂ ಊರು ನಂಬಿತು. ಇಂಥ ಮಾತನ್ನು ನಂಬೋದಕ್ಕೆ ಊರಿಗೆ ಎಷ್ಟು ಹೊತ್ತು ಬೇಕು ಹೇಳಿ? ಹೆಣ ಹೊರುವುದಕ್ಕೂ ಜನ ಬರಲಿಲ್ಲ. ಹೆಂಡತಿ ದೇವೀರಮ್ಮ, ಮಗಳು ಹೊನ್ನಿ, ವೈದ್ಯೆ ಬೆಳ್ಳಮ್ಮ, ಈ ಮೂವರು ಹೆಂಗಸರೇ ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಹೋಗಿ ಮಣ್ಣು ಮಾಡಿದರು. ಇದನ್ನು ಹೇಳುವಾಗ ಇವತ್ತಿಗೂ ನನಗೆ ಹೊಟ್ಟೆ ಉರಿಯುತ್ತದೆ.

ಸಾಹುಕಾರ ಅಂಥದೇ ಇನ್ನೊಂದು ಕೆಂಪು ಕಾರು ಕಳಿಸಿದ. ಬೇಗ ಓಡೋದು ಇದೇ ಅಂತ ಮಂತ್ರಿ ಹೇಳಿದ, ದೊರೆ ಅದನ್ನು ಕೊಳ್ಳಲು ಹೊರಟ. ಆಗ ಹೊನ್ನಿ ಬಂದು ಕಾಲಿಗೆ ಬಿದ್ದಳು.

"ಬುದ್ಧೀ, ನಮ್ಮಪ್ಪ ಬ್ರೇಕು ಒತ್ತಿಕೊಂಡೇ ಇದ್ರು. ಕಾರಿನ ಹಿಂದಿನ ದೀಪ ಉರೀತಾ ಇದ್ದದ್ದನ್ನ ನಾನು ಕಣ್ಣಾರೆ ಕಂಡೆ."

"ಮಗಳಲ್ವೇ ಪ್ರಭು, ಇನ್ನೇನು ಹೇಳ್ತಾಳೆ," ಅಂದ ಮಂತ್ರಿ.

ಹೊನ್ನಿ ಅವನ ಮುಖವನ್ನೇ ನೋಡಿದಳು. "ಆಗಲಿ. ನಮ್ಮಪ್ಪಂದೇ ತಪ್ಪು, ಕಾರು ಚಿನ್ನ. ಇಷ್ಟು ಒಳ್ಳೇ ಕಾರು ಆರಿಸಿಕೊಟ್ಟ ಮಂತ್ರಿಗಳೇ ಮೊದಲು ಕೂತು ಗುಡ್ಡ ಇಳೀಲಿ ಬುದ್ಧೀ. ಇಲ್ಲಾ ಅವರ ಮನೆಯೋರು ಯಾರಾದ್ರೂ ಕೂರಲಿ. ಆಮೇಲೆ ಕೊಳ್ಳಿ."

ದೊರೆ ಒಪ್ಪಿದ.

ಮೊದಲ ದಿನ ಹೊನ್ನಿ ಮಂತ್ರಿಯ ಮುಂದೆ ಕೆಂಪು ಕಾರು ನಿಲ್ಲಿಸಿದಳು. "ಸೊಂಟ ಹಿಡ್ಕೊಂಡಿದೆ ಕಣಮ್ಮಾ," ಅಂದ ಮಂತ್ರಿ. "ಇಷ್ಟು ತಗ್ಗಿನ ಸೀಟಲ್ಲಿ ಕೂತರೆ ಏಳೋಕಾಗಲ್ಲ."

ಎರಡನೇ ದಿನ ಮಂತ್ರಿಯ ಮಗನನ್ನು ಕರೆದಳು. "ಅವನ ನಕ್ಷತ್ರಕ್ಕೆ ಕೆಂಪು ಬಣ್ಣ ಆಗಿಬರಲ್ಲಮ್ಮಾ," ಅಂದ ಮಂತ್ರಿ. ಮಗ ಪಕ್ಕದಲ್ಲೇ ನಿಂತಿದ್ದ, ಹೆಗಲ ಮೇಲೆ ಕೆಂಪು ಶಾಲು ಹೊದ್ದುಕೊಂಡು. ದೊರೆ ಶಾಲನ್ನು ನೋಡಿದ.

ಮೂರನೇ ದಿನ ಹೊನ್ನಿ ಯಾರನ್ನೂ ಕರೆಯುವ ಮೊದಲೇ ಬುಡದಿಂದ ಮಂತ್ರಿಯ ಮನೆಯ ಆಳು ಏದುಸಿರು ಬಿಡುತ್ತಾ ಬಂದ. ಮಂತ್ರಿಯ ಮೊಮ್ಮಗಳಿಗೆ ಜ್ವರ ನೆತ್ತಿಗೇರಿದೆ. ಮಗು ಕಣ್ಣು ಮೇಲೆ ಮಾಡಿದೆ. ವೈದ್ಯೆ ಈ ಗಳಿಗೆಯಲ್ಲೇ ಬರಬೇಕು.

ಅಂಗಳದಲ್ಲಿ ಎರಡೂ ಕಾರು ನಿಂತಿದ್ದವು. ಹೊನ್ನಿ ಕೆಂಪು ಕಾರಿನ ಬಾಗಿಲು ತೆರೆದಳು. ಬೆಳ್ಳಮ್ಮ ಮದ್ದಿನ ಚೀಲ ಹಿಡಿದು ಒಳಗೆ ಬಗ್ಗಿದಳು. ಮಂತ್ರಿ ಓಡಿ ಬಂದು ಅವಳ ತೋಳು ಹಿಡಿದು ಎಳೆದ.

"ಅದು ಬೇಡ! ಅದು ಬೇಡ! ಆ ಬೂದೀದು ತಗೊಳ್ರೀ!"

"ಯಾಕೆ ಸ್ವಾಮೀ?" ಅಂದಳು ಹೊನ್ನಿ. "ಬೇಗ ಓಡೋದು ಇದೇ ಅಂತ ನೀವೇ ಹೇಳಿದ್ರಲ್ಲ?"

"ಇಳಿಜಾರಲ್ಲಿ ಅದರ ಬ್ರೇಕು ಹಿಡಿಯಲ್ಲ ಕಣೇ! ಸಾಹುಕಾರ ಅವತ್ತೇ ಹೇಳಿದ್ದ! ವೈದ್ಯೆ ಕಮರಿಗೆ ಬಿದ್ರೆ ನನ್ನ ಮಗು ಗತಿಯೇನು?"

ಅಂಗಳದಲ್ಲಿ ದೊರೆ ನಿಂತಿದ್ದ, ಆಳುಕಾಳು ನಿಂತಿದ್ದರು. ಎಲ್ಲರೂ ಕೇಳಿದರು. ಸೊಂಟ ಹಿಡಿದವನು ಎಷ್ಟು ಚೆನ್ನಾಗಿ ಓಡಿದ ಅನ್ನೋದನ್ನೂ ನೋಡಿದರು. ಹೊನ್ನಿ ಮುಷ್ಟಿ ಬಿಚ್ಚಿದಳು. ಅವಳ ಕೈಯಲ್ಲಿ ಮೊದಲಿನಿಂದಲೂ ಇದ್ದದ್ದು ಬೂದಿ ಕಾರಿನ ಕೀಲಿ.

ಅವಳು ಬೆಳ್ಳಮ್ಮನನ್ನು ಬೂದಿ ಕಾರಿನಲ್ಲಿ ಕೂರಿಸಿಕೊಂಡು ಗುಡ್ಡ ಇಳಿದಳು. ಅಪ್ಪ ಬಿದ್ದ ಜಾಗ ಬಂದಾಗ ಕಣ್ಣು ಮಂಜಾಯಿತು. ಬ್ರೇಕು ಒತ್ತಿದಳು, ಕಾರು ಹೇಳಿದ ಮಾತು ಕೇಳಿತು, ತಿರುವು ದಾಟಿತು. ಅಪ್ಪನಿಗೂ ಇದೇ ಕಾರು ಸಿಕ್ಕಿದ್ದರೆ ಅಂತ ಅವಳಿಗೆ ಅನ್ನಿಸದೆ ಇದ್ದೀತೇ? ಮಗು ಬದುಕಿತು.

ದೊರೆ ಸಾಹುಕಾರನನ್ನು ಕಾರಿನ ಸಮೇತ ಗಡಿಯಾಚೆ ಅಟ್ಟಿದ. ಮಂತ್ರಿಯ ಪೇಟ ಕಿತ್ತುಕೊಂಡ. "ಇಷ್ಟಕ್ಕೇ ಮುಗೀಲಿಲ್ಲ," ಅಂದ. "ಮನೆಮನೆ ಬಾಗಿಲಿಗೂ ಹೋಗು. ಆ ಸುಳ್ಳನ್ನ ನೀನೇ ವಾಪಸು ತಗೋ."

ಸಂಪಂಗಯ್ಯ ಹೊರಟ. ಒಂದೊಂದು ಬಾಗಿಲಲ್ಲೂ ನಿಂತು ಹೇಳಿದ: "ಚೆಲುವಯ್ಯ ಕುಡಿದಿರಲಿಲ್ಲ. ನಾನು ಸುಳ್ಳು ಹೇಳಿದೆ." ಹೆಣ ಹೊರದ ಜನ ತಲೆ ತಗ್ಗಿಸಿಕೊಂಡು ಕೇಳಿದರು. ಕೊನೆಗೆ ಚೆಲುವಯ್ಯನ ಮನೆ ಬಂತು. ದೇವೀರಮ್ಮ ಮಗಳ ಜೊತೆ ಹೊರಗೆ ಬಂದು ಅದೇ ಮಾತು ಕೇಳಿಸಿಕೊಂಡಳು.

"ಊರಿಗೆಲ್ಲ ಹೇಳ್ದೆ. ನಂಗೂ ಹೇಳ್ದೆ. ಇನ್ನು ಅವ್ರಿಗೆ ಹೇಳು ಬಾ," ಅಂದಳು.

ಅವನನ್ನು ಗಂಡನ ಮಣ್ಣಿನ ಗುಡ್ಡೆಯ ಮುಂದೆ ನಿಲ್ಲಿಸಿದಳು. ಸಂಪಂಗಯ್ಯ ಒಂದು ಸಲ ಹೇಳಿದ. ಎರಡು ಸಲ ಹೇಳಿದ. ಮೂರನೇ ಸಲ ಮಂಡಿಯೂರಿ ಹೇಳಿದ. ದೇವೀರಮ್ಮ ಮಣ್ಣಿನೊಳಗಿಂದ ಉತ್ತರ ಬರುತ್ತದೇನೋ ಅನ್ನುವ ಹಾಗೆ ಇನ್ನೂ ಸ್ವಲ್ಪ ಹೊತ್ತು ಕಾದಳು. ಬರಲಿಲ್ಲ. ಮಗಳ ಕೈ ಹಿಡಿದುಕೊಂಡು ಮನೆಗೆ ನಡೆದಳು.

ಅದಕ್ಕೇ ಹೇಳೋದು ಮಕ್ಕಳೇ, ನಿಮ್ಮ ಮನೆಯವರನ್ನು ಕೂರಿಸಲು ಹೆದರುವ ಗಾಡಿಗೆ ಇನ್ನೊಂದು ಮನೆಯವರನ್ನು ಹತ್ತಿಸಬೇಡಿ. ಹತ್ತಿಸಿ ಸುಳ್ಳು ಹೇಳಿದರೆ, ಆ ಸುಳ್ಳನ್ನು ಊರಿಂದ ವಾಪಸು ತರಬಹುದು. ಹೋದವನನ್ನು ತರೋದಕ್ಕೆ ಆಗೋದಿಲ್ಲ.