ಮಗುವಿನ ಬೆನ್ನು ನೋಡದ ವೈದ್ಯ

ಶಿಷ್ಯ ಕೇಳಿದ: “ಗುರುಗಳೇ, ನನ್ನ ಜೊತೆ ಕಲಿತವನನ್ನು ಯಾರಾದರೂ ಹೊಗಳಿದರೆ ನನಗೆ ಮೈ ಉರಿಯುತ್ತದೆ. ಈ ಉರಿ ಆರುವುದು ಹೇಗೆ?”

ಗುರುಗಳು ಮಕ್ಕಳ ಶಸ್ತ್ರಚಿಕಿತ್ಸೆ ಕಲಿಸುತ್ತಲೇ ಮುದುಕರಾದವರು. ಅವರದು ಮಾತು ಕಡಿಮೆ. “ಕೂತ್ಕೋ” ಎಂದು ಹೇಳತೊಡಗಿದರು.

ಒಂದು ಆಸ್ಪತ್ರೆಯಲ್ಲಿ ಇಬ್ಬರು ವೈದ್ಯರಿದ್ದರು. ಹಿರಿಯವನು ಮಕ್ಕಳ ಕರುಳಿನ ಶಸ್ತ್ರವೈದ್ಯ. ಕಿರಿಯವನು ಬೆನ್ನುಹುರಿಯ ಶಸ್ತ್ರವೈದ್ಯ. ಕಿರಿಯವನು ಒಂದು ಕಾಲಕ್ಕೆ ಹಿರಿಯವನ ಕೈಕೆಳಗೆ ಕಲಿತವನು. ಹಿರಿಯವನು ಕೊಯ್ಯುವಾಗ ಗಾಯದ ಅಂಚನ್ನು ಕೊಕ್ಕೆಯಿಂದ ಅಗಲಿಸಿ ಹಿಡಿದು ಗಂಟೆಗಟ್ಟಲೆ ನಿಂತಿರುತ್ತಿದ್ದವನು.

ಈಗ ತಾಯಂದಿರ ಸಾಲು ಕಿರಿಯವನ ಬಾಗಿಲಲ್ಲಿತ್ತು. ಅವನ ಕೈಗುಣ ದೊಡ್ಡದು ಎಂದು ಜನ ಹೇಳುತ್ತಿದ್ದರು. “ಕೈಗುಣ ಏನು ಬಂತು, ಅದು ಯಂತ್ರದ ಗುಣ” ಎನ್ನುತ್ತಿದ್ದ ಹಿರಿಯ. ಆದರೂ ದಿನವೂ ಆ ಸಾಲಿನ ಮುಂದೆಯೇ ಹಾದುಹೋಗುತ್ತಿದ್ದ.

ಒಮ್ಮೆ ಹಿರಿಯನ ಬಳಿಗೆ ಮೂರು ವರ್ಷದ ಹೆಣ್ಣುಮಗು ಬಂತು. ಹುಟ್ಟಿದಾಗಿನಿಂದ ಮಲ ತಾನಾಗಿ ಹೋಗುತ್ತಿರಲಿಲ್ಲ. ಹೊಟ್ಟೆ ಬಿಗಿದಿತ್ತು. ಜೊತೆಗೆ ಬಂದ ಅಜ್ಜಿಯನ್ನು ಅವನು ಹೊರಗೇ ಕೂರಿಸಿದ. ಅಜ್ಜಿಯರು ಒಳಗೆ ಬಂದರೆ ಮಾತು ಮುಗಿಯುವುದಿಲ್ಲ ಎಂಬುದು ಅವನ ಎಣಿಕೆ. ಮಗುವನ್ನು ಅಂಗಾತ ಮಲಗಿಸಿ ಹೊಟ್ಟೆಯ ಮೇಲೆ ಕೈಯಿಟ್ಟ. ಕರುಳಿನ ತುದಿಯಲ್ಲಿ ನರಗಳಿಲ್ಲ, ಆ ಭಾಗ ಕೊಯ್ದು ತೆಗೆಯಬೇಕು ಎಂದ. ಕರುಳಿನ ತುಣುಕನ್ನು ಪರೀಕ್ಷೆಗೆ ಕಳಿಸಿದ. ನರಗಳಿವೆ ಎಂದು ಉತ್ತರ ಬಂತು. “ತುಣುಕು ಸರಿಯಾಗಿ ಬಂದಿಲ್ಲ” ಎಂದು ಕೊಯ್ಯುವ ದಿನ ಗೊತ್ತು ಮಾಡಿದ.

ಅದಕ್ಕೆ ಎರಡು ದಿನವಿರುವಾಗ ಪಡಸಾಲೆಯಲ್ಲಿ ಒಂದು ನೋಟ ಕಂಡ. ಅಜ್ಜಿ ಬೆಂಚಿನ ಮೇಲೆ ಕೂತಿದ್ದಳು. ಕಿರಿಯವನು ಅವಳ ಮುಂದೆ ಕುಕ್ಕುರುಗಾಲಲ್ಲಿ ಕೂತು ನಗುತ್ತಾ ಮಾತಾಡುತ್ತಿದ್ದ. ಹಿರಿಯನಿಗೆ ಮೈ ಉರಿಯಿತು. ಕಡೆಗೆ ನನ್ನ ರೋಗಿಗೂ ಕೈಹಾಕಿದನಲ್ಲ ಎಂದುಕೊಂಡ. ಕಿರಿಯವನು ಎದ್ದುಹೋಗುವ ತನಕ ಕಂಬದ ಮರೆಯಲ್ಲಿ ನಿಂತಿದ್ದು, ಆಮೇಲೆ ಬಂದ.

“ಏನಜ್ಜಿ, ಏನು ಕೇಳಿದ ಅವನು?”

“ಮಗು ಯಾಕೆ ಎಡಗಾಲು ಎಳೀತಾಳೆ ಅಂದ್ರು. ಇವಳಿಗೆ ನೀರು ಹಾಕಿದೋರು ಯಾರು ಅಂದ್ರು. ನಾನೇ ಕಣಪ್ಪ ಅಂದೆ. ಎಳೇ ಕೂಸನ್ನ ಕಾಲ್ಮೇಲೆ ಬೋರಲು ಹಾಕ್ಕೊಂಡಾಗ ಬೆನ್ನಲ್ಲಿ ಏನಾದ್ರೂ ಕಂಡ್ರಾ ಅಂದ್ರು. ಸೊಂಟದ ಕೆಳಗೆ ಒಂದು ಗುಳಿ, ಅದರ ಮೇಲೆ ಕೂದಲ ಸುಳಿ ಐತೆ ಅಂತ ಹೇಳಿದೆ.”

“ನನಗ್ಯಾಕೆ ಹೇಳಲಿಲ್ಲ?”

“ಹೇಳೋಣ ಅಂತಲೇ ಬಂದೆ ಸ್ವಾಮಿ. ನೀವು ಬಾಗಿಲು ಹಾಕ್ಕೊಂಡ್ರಿ.”

ಅವನು ನೇರವಾಗಿ ವಾರ್ಡಿಗೆ ಹೋದ. ಮಗುವನ್ನು ಮೊದಲ ಸಲ ಬೋರಲು ಮಲಗಿಸಿದ. ಗುಳಿ ಇತ್ತು. ಸುಳಿ ಇತ್ತು. ಮೂವತ್ತು ವರ್ಷದ ವಿದ್ಯೆ ಒಂದು ಗಳಿಗೆಯಲ್ಲಿ ಉತ್ತರ ಹೇಳಿತು. ಬೆನ್ನುಹುರಿ ಹುಟ್ಟುವಾಗಲೇ ಕೆಳಗೆ ಅಂಟಿಕೊಂಡಿದೆ. ಮಗು ಬೆಳೆದಂತೆ ಅದು ಜಗ್ಗುತ್ತಿದೆ. ಕರುಳಿಗೂ ಕಾಲಿಗೂ ಹೋಗುವ ನರಗಳು ಸೊರಗುತ್ತಿವೆ. ಅದನ್ನು ಬಿಡಿಸಬೇಕಾದ್ದು ಕಿರಿಯವನು. ತಡವಾದಷ್ಟೂ ಕಾಲಿನ ಶಕ್ತಿ ಹೋಗುತ್ತದೆ.

ಒಬ್ಬರ ರೋಗಿಯನ್ನು ಅವರು ಬರೆದುಕೊಡದೆ ಇನ್ನೊಬ್ಬರು ಮುಟ್ಟಬಾರದು ಎಂಬುದು ಆ ಆಸ್ಪತ್ರೆಯ ಕಟ್ಟಳೆ. ಹಿರಿಯ ಚೀಟಿ ಬರೆದ. ಬರೆದದ್ದನ್ನು ಜೇಬಿನಲ್ಲಿಟ್ಟುಕೊಂಡ. ಇದನ್ನು ಕೊಟ್ಟರೆ, ನಾನು ಒಳ್ಳೆಯ ಕರುಳನ್ನು ಕೊಯ್ಯಲು ಹೊರಟಿದ್ದೆ ಎಂದು ಆಸ್ಪತ್ರೆಗೆಲ್ಲ ತಿಳಿಯುತ್ತದೆ. ಅವನ ಬಾಗಿಲ ಸಾಲು ಇನ್ನಷ್ಟು ಬೆಳೆಯುತ್ತದೆ. ಕೊಯ್ಯುವುದನ್ನು ಮುಂದೂಡಿದ, ಕಾರಣ ಬರೆಯಲಿಲ್ಲ.

ನಡುವೆ ಕಿರಿಯವನು ಒಮ್ಮೆ ಎದುರಾಗಿ, “ಸರ್, ಆ ಮಗುವಿನ ಬೆನ್ನು ನೋಡಿದಿರಾ?” ಎಂದ. “ನೋಡೋಣ” ಎಂದ ಹಿರಿಯ. ಚೀಟಿ ಆಗಲೂ ಜೇಬಿನಲ್ಲೇ ಇತ್ತು.

ಚೀಟಿ ಬರೆದ ಹನ್ನೊಂದನೆಯ ದಿನ ಮಗು ಮಂಚದಿಂದ ಇಳಿಯುವಾಗ ಬಿತ್ತು. ಎತ್ತಿ ನಿಲ್ಲಿಸಿದರು. ಎಡಪಾದ ನಿಲ್ಲಲಿಲ್ಲ.

ಹಿರಿಯ ಮಗುವನ್ನು ತಾನೇ ಎತ್ತಿಕೊಂಡು ಕಿರಿಯವನ ಬಾಗಿಲಿಗೆ ನಡೆದ. ತಾಯಂದಿರು ದಾರಿ ಬಿಟ್ಟರು. ಕಿರಿಯವನು ಎದ್ದುನಿಂತು, “ಹೇಳಿಕಳಿಸಿದ್ರೆ ನಾನೇ ಬರ್ತಿದ್ನಲ್ಲ ಸರ್” ಎಂದ. ಹಿರಿಯ ಚೀಟಿ ಕೊಟ್ಟ. ಅದು ಜೇಬಿನಲ್ಲಿದ್ದು ಮಡಿಕೆಯಲ್ಲೇ ಹರಿಯುವಂತಾಗಿತ್ತು. ಮೇಲಿನ ತಾರೀಖನ್ನು ಕಿರಿಯವನು ಓದಿದ. ಮಗುವನ್ನು ತನ್ನ ಕೈಗೆ ತೆಗೆದುಕೊಂಡ.

ಅಂದೇ ಕಿರಿಯವನು ಮಗುವಿನ ಬೆನ್ನು ಕೊಯ್ದು ಹುರಿಯನ್ನು ಬಿಡಿಸಿದ. ಮೂರು ಗಂಟೆ ಹಿಡಿಯಿತು. ಅಷ್ಟೂ ಹೊತ್ತು ಎದುರಿಗೆ ಕೊಕ್ಕೆ ಹಿಡಿದು ನಿಂತವನು ಹಿರಿಯ.

ಗುರುಗಳು ಅಲ್ಲಿಗೆ ಮಾತು ನಿಲ್ಲಿಸಿದರು. ಶಿಷ್ಯ ಕೇಳಿದ:

“ಕೊನೆಗೆ ಆ ಹಿರಿಯನ ಉರಿ ಆರಿತೇ, ಗುರುಗಳೇ?”

ಗುರುಗಳು ಹೇಳಿದರು: “ಮಗು ನಡೆಯಿತೇ ಎಂದು ನೀನು ಕೇಳಲಿಲ್ಲ.”