ತಿರುಗಿ ನೋಡದ ತಳಿ

ಶಿಷ್ಯನು ಕೇಳಿದನು: "ಗುರುಗಳೇ, ಧ್ಯಾನಕ್ಕೆ ಕುಳಿತಾಗ ಮನಸ್ಸು ನೆಟ್ಟಗೆ ಹೋಗುತ್ತದೆ. ಆದರೆ ಯಾರಾದರೂ ಕರೆದರೆ ಸಾಕು, ತಿರುಗಿಬಿಡುತ್ತದೆ. ಹಕ್ಕಿ ಕೂಗಿದರೂ ತಿರುಗುತ್ತದೆ. ಈ ತಿರುಗುವ ಗುಣವನ್ನು ಬುಡಸಮೇತ ಕಿತ್ತುಹಾಕಲು ಸಾಧ್ಯವಿಲ್ಲವೇ?"



"ಸಾಧ್ಯವಿದೆ," ಎಂದರು ಗುರುಗಳು. "ಒಬ್ಬ ಬೇಟೆಗಾರ ಅದನ್ನು ಮಾಡಿದ."

ಆಮೇಲೆ ಈ ಕತೆ ಹೇಳಿದರು.

ಎರೆಭೂಮಿಯ ಸೀಮೆಯಲ್ಲಿ ಒಬ್ಬ ಬೇಟೆಗಾರನಿದ್ದ. ಅವನಿಗೆ ಹೆಂಡತಿ ಇದ್ದಳು, ಮಕ್ಕಳಿರಲಿಲ್ಲ. ಮನೆಯಲ್ಲಿ ಕೆಂಚಿ ಎಂಬ ಹೆಣ್ಣು ನಾಯಿ ಇತ್ತು. ನೆಲ ಮೂಸಿ ಜಾಡು ಹಿಡಿಯುವುದರಲ್ಲಿ ಅದಕ್ಕೆ ಸಮನಾದ ನಾಯಿ ಸುತ್ತಲಿನ ಊರುಗಳಲ್ಲಿ ಇರಲಿಲ್ಲ. ಹೆಂಡತಿ ಅದನ್ನು ಮಗುವಿನಂತೆ ನೋಡಿಕೊಳ್ಳುತ್ತಿದ್ದಳು.

ಆ ಸೀಮೆಯ ನಾಯಕ ಪ್ರತಿವರ್ಷ ಸುಗ್ಗಿ ಮುಗಿದ ಮೇಲೆ ಬೇಟೆನಾಯಿಗಳ ಪಂದ್ಯ ನಡೆಸುತ್ತಿದ್ದ. ಬಯಲಿನಲ್ಲಿ ಒಂದು ಮೊಲವನ್ನು ಬಿಡುತ್ತಿದ್ದರು. ಅದು ಕಣ್ಮರೆಯಾದ ಮೇಲೆ ನಾಯಿಗಳನ್ನು ಬಿಡುತ್ತಿದ್ದರು. ಯಾವ ನಾಯಿ ಮೊದಲು ಮೊಲವನ್ನು ಹಿಡಿಯುತ್ತದೆಯೋ ಅದು ಗೆದ್ದಂತೆ. ಒಂದು ವರ್ಷ ಕೆಂಚಿ ಎಲ್ಲಕ್ಕಿಂತ ಮುಂದಿತ್ತು. ಮೊಲ ಇನ್ನೇನು ಸಿಕ್ಕಿತು ಎನ್ನುವಾಗ ಬೇಟೆಗಾರನ ಹೆಂಡತಿ ಸಂತೋಷ ತಡೆಯಲಾರದೆ ಅದರ ಹೆಸರು ಹಿಡಿದು ಕೂಗಿದಳು. ನಾಯಿ ಕತ್ತು ತಿರುಗಿಸಿ ಅವಳನ್ನು ನೋಡಿತು. ಅಷ್ಟರಲ್ಲಿ ಇನ್ನೊಬ್ಬನ ನಾಯಿ ಮೊಲವನ್ನು ಹಿಡಿಯಿತು.

ಮನೆಗೆ ಬರುವಾಗ ಅವನು ನಾಯಿಯನ್ನು ಹಗ್ಗಕ್ಕೆ ಕಟ್ಟಿ ಮುಂದೆ ಮುಂದೆ ನಡೆದ.

"ತಪ್ಪು ನನ್ನದು," ಎಂದಳು ಹೆಂಡತಿ.

"ನಿನ್ನದಲ್ಲ. ತಪ್ಪು ಅದರ ರಕ್ತದಲ್ಲಿದೆ. ಕರೆದರೆ ತಿರುಗುತ್ತದೆ. ತಿರುಗಿದರೆ ಒಂದು ನೆಗೆತ ಕಳೆದುಹೋಗುತ್ತದೆ. ಆ ರಕ್ತವನ್ನು ನಾನು ತೊಳೆಯುತ್ತೇನೆ," ಎಂದ.

ಅಂದಿನಿಂದ ಅವಳನ್ನು ಪಂದ್ಯಕ್ಕೆ ಕರೆದೊಯ್ಯಲಿಲ್ಲ.

ಕೆಂಚಿ ಮರಿ ಹಾಕಿತು. ಮರಿಗಳು ಓಡಾಡುವಂತಾದಾಗ ಅವನು ಮೊಲದ ಚರ್ಮವನ್ನು ಹಗ್ಗಕ್ಕೆ ಕಟ್ಟಿ ಹೊಲದ ತುಂಬ ಎಳೆದುಕೊಂಡು ನಡೆದ. ಆ ಜಾಡಿನ ಮೇಲೆ ಒಂದೊಂದೇ ಮರಿಯನ್ನು ಬಿಟ್ಟ. ಅದು ಅರ್ಧ ದಾರಿಗೆ ಬಂದಾಗ ಚಪ್ಪಾಳೆ ತಟ್ಟಿ ಹೆಸರು ಹಿಡಿದು ಕರೆದ. ಎಲ್ಲ ಮರಿಗಳೂ ತಿರುಗಿದವು. ಒಂದು ಮಾತ್ರ ತಡೆದು, ಆಮೇಲೆ ತಿರುಗಿತು. ಅವನು ಅದನ್ನು ಇಟ್ಟುಕೊಂಡ. ಉಳಿದವನ್ನು ಕುರಿ ಕಾಯುವವರಿಗೆ ಕೊಟ್ಟ.

ತಡವಾಗಿ ತಿರುಗಿದ ನಾಯಿಯ ಮರಿಗಳಲ್ಲಿ ಇನ್ನೂ ತಡವಾಗಿ ತಿರುಗುವುದನ್ನು ಆರಿಸಿದ. ಅದರ ಮರಿಗಳಲ್ಲಿ ಕಿವಿಯನ್ನಷ್ಟೇ ತಿರುಗಿಸಿದ್ದನ್ನು ಆರಿಸಿದ. ಹೊರಗಿನ ರಕ್ತ ಸೇರಬಾರದೆಂದು ಅಣ್ಣ ತಂಗಿಯರನ್ನೇ ಕೂಡಿಸಿದ, ತಾಯಿ ಮಗನನ್ನೇ ಕೂಡಿಸಿದ. ಬೊಗಳಿದರೆ ಮೊಲಕ್ಕೆ ಸುಳಿವು ಸಿಗುತ್ತದೆ. ಹಾಗಾಗಿ ಬೊಗಳುವ ಮರಿಗಳನ್ನೂ ಬೇರೆ ಮಾಡಿದ. ಬೇಡವಾದ ಮರಿಗಳನ್ನು ಈಗ ಕುರಿಯವರಿಗೂ ಕೊಡಲಿಲ್ಲ. ಅವುಗಳನ್ನು ಏನು ಮಾಡಿದಿರಿ ಎಂದು ಹೆಂಡತಿ ಕೇಳಲಿಲ್ಲ.

ಜಾಡು ಎಳೆಯುವ ಕೆಲಸವನ್ನು ಅವನು ಯಾರಿಗೂ ಬಿಟ್ಟುಕೊಡಲಿಲ್ಲ. ಚರ್ಮ ಹಳತಾದರೆ ಬೇರೆ ಚರ್ಮ ಕಟ್ಟುತ್ತಿದ್ದ. ಹಗ್ಗ ಸವೆದರೆ ಬೇರೆ ಹಗ್ಗ ತರುತ್ತಿದ್ದ. ನಡೆಯುವವನು ಮಾತ್ರ ಯಾವಾಗಲೂ ಅವನೇ.

ಹಲವು ತಲೆಮಾರಿನ ನಾಯಿಗಳು ಹುಟ್ಟಿ ಹೋದವು. ಕೊನೆಗೆ ಕರೆದರೆ ಕಿವಿಯನ್ನೂ ಅಲುಗಿಸದ ನಾಯಿಗಳು ಹುಟ್ಟಿದವು. ಅವನು ಅವುಗಳಿಗೆ ಹೆಸರಿಡಲಿಲ್ಲ. ಕರೆದರೆ ಬಾರದ ನಾಯಿಗೆ ಹೆಸರಿನ ಅಗತ್ಯವಿರಲಿಲ್ಲ. ಪ್ರತಿ ಪಂದ್ಯವನ್ನೂ ಅವೇ ಗೆದ್ದವು. ಬೇರೆಯವರು ತಮ್ಮ ನಾಯಿಗಳನ್ನು ತರುವುದನ್ನು ಕಡಿಮೆ ಮಾಡಿದರು. ನಾಯಕ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡ.

ಮನೆಯಲ್ಲಿ ಮಾತ್ರ ಸದ್ದಿರಲಿಲ್ಲ. ಅಷ್ಟು ನಾಯಿಗಳಿದ್ದ ಅಂಗಳ ನಾಯಿಗಳೇ ಇಲ್ಲದ ಅಂಗಳದಂತಿತ್ತು.

ಒಂದು ದಿನ ಹೆಂಡತಿ ಹೇಳಿದಳು: "ಹಾಕಿದ ಅನ್ನ ತಿನ್ನುತ್ತವೆ, ನನ್ನ ಮುಖ ನೋಡುವುದಿಲ್ಲ."

"ಮುಖ ನೋಡುವುದು ಅವುಗಳ ಕೆಲಸವಲ್ಲ," ಎಂದ.

"ಇನ್ನೊಂದು ಇದೆ. ಅವು ಅಂಗಳದಲ್ಲಿ ಮಲಗಿದಾಗ ಎಲ್ಲದರ ಮೂತಿಯೂ ಒಂದೇ ಕಡೆಗೆ ಇರುತ್ತದೆ. ನೀವು ಹೊಲಕ್ಕೆ ಹೋದರೆ ಹೊಲದ ಕಡೆಗೆ. ಬಾವಿಗೆ ಹೋದರೆ ಬಾವಿಯ ಕಡೆಗೆ. ನೀವು ಒಳಗೆ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಹೋಗುತ್ತೀರಿ. ಹೊರಗೆ ಅವುಗಳ ಮೂತಿ ಮೆಲ್ಲಗೆ ಅತ್ತ ಸರಿಯುತ್ತದೆ. ನಡುವೆ ಗೋಡೆಯಿದೆ."

ಬೇಟೆಗಾರ ನಕ್ಕ. "ಸಾಕಿದವನ ಮೇಲೆ ಪ್ರೀತಿ ಇರುವುದಿಲ್ಲವೇ?"

"ಪ್ರೀತಿಯಿದ್ದರೆ ಬಾಲ ಆಡಿಸುತ್ತಿದ್ದವು," ಎಂದಳು ಅವಳು.

ಆ ವರ್ಷ ಅವನು ತನ್ನ ತಳಿಯಲ್ಲೇ ಅತ್ಯುತ್ತಮವಾದ ಎರಡು ನಾಯಿಗಳನ್ನು ಪಂದ್ಯಕ್ಕೆ ಒಯ್ದ. ಬೆಳಗಿನ ಹೊತ್ತು. ಮೊಲವನ್ನು ಬಿಟ್ಟರು. ಅದು ಕುರುಚಲು ಗಿಡಗಳಲ್ಲಿ ಮರೆಯಾಯಿತು. ನಾಯಿಗಳನ್ನು ಬಿಟ್ಟರು. ಉಳಿದವರ ನಾಯಿಗಳು ಮೊಲ ಹೋದ ದಿಕ್ಕಿಗೆ ಓಡಿದವು. ಬೇಟೆಗಾರನ ಎರಡು ನಾಯಿಗಳು ಮೂಗನ್ನು ನೆಲಕ್ಕೆ ಹಚ್ಚಿ ಇನ್ನೊಂದು ದಿಕ್ಕಿಗೆ ಹೊರಟವು.

ಅವು ಮರದ ನೆರಳಿಗೆ ಹೋದವು. ಅಲ್ಲಿ ಬೆಳಿಗ್ಗೆ ಬೇಟೆಗಾರ ಕುಳಿತಿದ್ದ. ಅಲ್ಲಿಂದ ನೀರಿನ ಹಂಡೆಯ ಬಳಿ ಹೋದವು. ಅವನು ಅಲ್ಲಿ ನೀರು ಕುಡಿದಿದ್ದ. ಪರಿಚಯದವನೊಬ್ಬನನ್ನು ಕಂಡು ಅವನು ಎಲ್ಲಿ ದಾರಿ ಬಿಟ್ಟು ಪಕ್ಕಕ್ಕೆ ಸರಿದಿದ್ದನೋ ಅಲ್ಲಿ ಅವೂ ಸರಿದವು. ಮೊದಲು ಜನ ನಕ್ಕರು. ಆಮೇಲೆ ನಗು ನಿಂತಿತು. ಅವುಗಳ ಪಂಜ ಬೀಳುತ್ತಿದ್ದ ಜಾಗಗಳನ್ನು ಎಲ್ಲರೂ ನೋಡತೊಡಗಿದರು. ಅವು ಅವನ ಒಂದು ಹೆಜ್ಜೆಯನ್ನೂ ಬಿಡುತ್ತಿರಲಿಲ್ಲ.

ಬೇಟೆಗಾರನಿಗೆ ಆಗ ಅರ್ಥವಾಯಿತು. ಚರ್ಮಗಳು ಬದಲಾಗಿದ್ದವು. ಅವುಗಳ ಮುಂದೆ ನಡೆದ ಕಾಲುಗಳು ಬದಲಾಗಿರಲಿಲ್ಲ. ಅಷ್ಟು ತಲೆಮಾರುಗಳಲ್ಲಿ ಅವನು ಆರಿಸಿ ಆರಿಸಿ ಬೆಳೆಸಿದ್ದು ತನ್ನ ಜಾಡನ್ನು ಬಿಡದ ನಾಯಿಗಳನ್ನು. ಜಾಡಿನ ಕೊನೆಯಲ್ಲಿ ಸಿಕ್ಕಿದ್ದನ್ನು ಅವು ಏನು ಮಾಡುತ್ತವೆ ಎಂಬುದೂ ಅವನಿಗೆ ಗೊತ್ತಿತ್ತು.

"ನಿಲ್ಲಿ," ಎಂದ. ಅವು ತಲೆ ಎತ್ತಲಿಲ್ಲ.

ಅವನು ನಾಯಕನ ಪಕ್ಕದಿಂದ ಎದ್ದು ನಡೆಯತೊಡಗಿದ.

ಮಧ್ಯಾಹ್ನದ ಹೊತ್ತಿಗೆ ತನ್ನ ಮನೆಯ ಮುಂದೆ ಬಂದ. ಒಳಗೆ ಹೋದರೆ ಒಂದೆಡೆ ಕೂರಬೇಕಾಗುತ್ತದೆ, ಕುಳಿತಲ್ಲಿಗೆ ಅವು ಬರುತ್ತವೆ. ಆದ್ದರಿಂದ ಅವನು ಹೊಸ್ತಿಲು ತುಳಿಯಲಿಲ್ಲ. ಹೆಂಡತಿ ಬಾಗಿಲಿಗೆ ಬಂದು, "ಏನಾಯಿತು? ಒಳಗೆ ಬನ್ನಿ," ಎಂದಳು. ಅವನು ನಿಲ್ಲಲಿಲ್ಲ.

ಸ್ವಲ್ಪ ಹೊತ್ತಿಗೆ ನಾಯಿಗಳು ಬಂದವು. ಓಡುತ್ತಿರಲಿಲ್ಲ, ನಡೆಯುತ್ತಲೂ ಇರಲಿಲ್ಲ. ಓಟಕ್ಕೂ ನಡಿಗೆಗೂ ನಡುವಿನ ಒಂದೇ ಸಮನಾದ ವೇಗ. ಅವಳು ಅಡ್ಡ ನಿಂತಳು. ಅವು ಅವಳನ್ನು ಸುತ್ತಿಕೊಂಡು ಮತ್ತೆ ಅದೇ ಜಾಡಿಗೆ ಸೇರಿದವು. ಅವಳು ಹಿಂದಿನ ನಾಯಿಯ ಕುತ್ತಿಗೆಯನ್ನು ತಬ್ಬಿ ಹಿಡಿದಳು. ಅದು ಗುರುಗುಟ್ಟಲಿಲ್ಲ, ಕಚ್ಚಲಿಲ್ಲ. ತನ್ನನ್ನು ಯಾರೋ ಹಿಡಿದಿದ್ದಾರೆ ಎಂಬುದು ಅದಕ್ಕೆ ತಿಳಿದಂತೆಯೇ ಇರಲಿಲ್ಲ. ಅವಳ ತೋಳುಗಳ ನಡುವೆ ಅದರ ಕಾಲುಗಳು ನಡೆಯುತ್ತಲೇ ಇದ್ದವು. ಅವಳ ಕೈ ಸೋತಿತು. ನಾಯಿ ಮುಂದೆ ಹೋಯಿತು. ಅವಳು ಗಂಡನನ್ನು ಕರೆಯುತ್ತ ಅವುಗಳ ಹಿಂದೆ ಓಡಿದಳು.

ಬೇಟೆಗಾರ ಆಗಾಗ ತಿರುಗಿ ನೋಡುತ್ತಿದ್ದ. ನೋಡಿದಾಗಲೆಲ್ಲ ನಾಯಿಗಳು ಹತ್ತಿರವಾಗಿದ್ದವು. ತಿರುಗಿದರೆ ಒಂದು ಹೆಜ್ಜೆ ಕಳೆದುಹೋಗುತ್ತದೆ ಎಂಬುದು ಅವನಿಗಿಂತ ಚೆನ್ನಾಗಿ ಯಾರಿಗೆ ತಿಳಿದಿತ್ತು? ಹಳ್ಳದ ದಡಕ್ಕೆ ಬಂದಾಗ, ಇನ್ನು ತಿರುಗಬಾರದು ಎಂದು ನಿಶ್ಚಯಿಸಿದ. ನೀರಿಗೆ ಇಳಿದ, ನೀರಿನಲ್ಲೇ ಬಹಳ ದೂರ ನಡೆದು ಆಚೆ ದಡ ಹತ್ತಿದ. ಹಿಂದಿನಿಂದ ಹೆಂಡತಿಯ ದನಿ ಕೇಳಿಸಿತು. ಅವನು ಕತ್ತು ಹೊರಳಿಸಲಿಲ್ಲ. ಎದುರಿಗಿದ್ದ ಬಯಲನ್ನು ಹೊಕ್ಕು ನಡೆದ.

ಆ ಬಯಲಿನಲ್ಲಿ ದನ ಮೇಯಿಸುವವರು ಅವನನ್ನು ಈಗಲೂ ಕಾಣುತ್ತಾರೆ. ಗಡ್ಡ ಬೆಳೆದಿದೆ, ಪಾದ ಒಡೆದಿದೆ. ಬಂದು ಬುತ್ತಿ ತಿನ್ನು ಎಂದು ಕರೆದರೆ ಅವನು ತಿರುಗುವುದಿಲ್ಲ. ಒಮ್ಮೆ, ನಡು ಮಧ್ಯಾಹ್ನದಲ್ಲಿ, ನಾನೂ ಅವನ ಪಕ್ಕದಲ್ಲಿ ಸ್ವಲ್ಪ ದೂರ ನಡೆದಿದ್ದೇನೆ. ನೆಲ ಕಾದಿತ್ತು. ಗಾಳಿ ಬೀಸುತ್ತಿರಲಿಲ್ಲ. ನನಗೆ ನಮ್ಮಿಬ್ಬರ ಉಸಿರಿನ ಹೊರತು ಏನೂ ಕೇಳಿಸಲಿಲ್ಲ.

ಅವನು ಮುಂದೆಯೇ ನೋಡುತ್ತ ಹೇಳಿದ: "ಎಷ್ಟು ನಿಶ್ಶಬ್ದವಾಗಿದೆ ನೋಡಿದಿರಾ? ತೀರ ಹತ್ತಿರ ಬಂದುಬಿಟ್ಟಿವೆ."

ಗುರುಗಳು ಕತೆ ನಿಲ್ಲಿಸಿದರು.  ಶಿಷ್ಯನು ದನಿ ತಗ್ಗಿಸಿ ಕೇಳಿದ: "ಆ ನಾಯಿಗಳು ಇಂದಿಗೂ ಅವನ ಹಿಂದೆ ಇವೆಯೇ?"

ಗುರುಗಳು ಹೇಳಿದರು: "ನೀರಿನಲ್ಲಿ ಜಾಡು ತಪ್ಪಿ ಹಿಡಿಯಲು ಏನೂ ಉಳಿಯದ ನಾಯಿಗಳು ಆ ಸಂಜೆಯೇ ಅವನ ಹೆಂಡತಿಯ ದನಿಗೆ ತಿರುಗಿ ಮನೆಗೆ ಹೋದವು, ತಿರುಗದೆ ಹೋದವನು ಅವನೊಬ್ಬನೇ."