ಹಿತ್ತಿಲಲ್ಲಿ ಹಕ್ಕಿಗಳ ಪಂಕ್ತಿ

ಮಾವಿನಹೊಂಡದ ಮಠದಲ್ಲಿ ಶ್ರೀ ಸಿದ್ಧಮಲ್ಲ ಅಜ್ಜನವರು ಇದ್ದ ಕಾಲದ ಮಾತಿದು. ಮಠವೆಂದರೆ ಎರಡು ಅಂಕಣದ ಮಣ್ಣಿನ ಮನೆ, ಹಿಂದೊಂದು ಹಿತ್ತಿಲು, ಅಷ್ಟೇ. ಪೂಜ್ಯರು ಬೆಳಗಿನ ಭಿಕ್ಷೆ ಮುಗಿಸಿ ಬಂದರೆ ಮೊದಲ ಪಂಕ್ತಿ ಹಕ್ಕಿಗಳದು. ತಾವು ಪ್ರಸಾದ ಸ್ವೀಕರಿಸುತ್ತಿದ್ದುದು ಆಮೇಲೆ. ಅದರಲ್ಲೂ ಎಲ್ಲಕ್ಕೂ ಒಂದೇ ಊಟವಲ್ಲ! ಗುಬ್ಬಿಗೆ ನವಣೆ, ಬೆಳವಕ್ಕೆ ಜೋಳ, ಪಿಕಳಾರಕ್ಕೆ ಕಳಿತ ಬಾಳೆಹಣ್ಣು, ಗಿಳಿಗೆ ಪೇರಲ, ಕಾಗೆಗೆ ರೊಟ್ಟಿಯ ಚೂರು. ಕಾಳು ಮುಟ್ಟದೆ ಹೂವಿನ ಜೇನನ್ನೇ ಹೀರುವ ಪುಟ್ಟ ಸೂರಕ್ಕಿಗೆಂದು ದಾಸವಾಳದ ಗಿಡಗಳನ್ನೇ ಬೆಳೆಸಿದ್ದರು. ಎಂಥ ಕರುಣೆ ನೋಡಿ!

ಒಂದು ಬೆಳಗ್ಗೆ ಊರಿನ ಚನ್ನವೀರವ್ವ ಅಳುತ್ತ ಬಂದಳು. ಎರಡನೆಯ ಸಂಬಂಧಕ್ಕೆ ಬಂದ ಸೊಸೆ. ತೀರಿಕೊಂಡ ಮೊದಲನೆಯವಳ ಮಗಳು ಪಾರಿ ಇವಳ ಕೈಯ ಊಟವನ್ನು ಮುಟ್ಟುತ್ತಿರಲಿಲ್ಲ. ಚನ್ನವೀರವ್ವನ ತವರು ಬೀಗರ ಉಪಚಾರಕ್ಕೆ ಹೆಸರಾದ ಮನೆ. ಉಣ್ಣುವವರ ಎದುರಿಗೇ ಕೂತು, ಸಾಕು ಎಂದರೂ ಬಿಡದೆ ಬಡಿಸಿದರೇ ಪ್ರೀತಿ ಎಂದು ಕಲಿತು ಬಂದವಳು ಆಕೆ. ಪಾಪ, ಕೂಸಿಗೂ ಹಾಗೇ ಮಾಡಿದಳು. ಹೋಳಿಗೆ, ಮಾದಲಿ, ತುಪ್ಪ ಎಂದು ತುತ್ತು ಹಿಡಿದು ಬೆನ್ನು ಹತ್ತಿದಳು. ಪಾರಿ ಹಲ್ಲು ಕಚ್ಚಿ ಕೂತಳು, ಸೊರಗಿ ಕಡ್ಡಿಯಾದಳು. ಊರ ಬಾಯಿ ಸುಮ್ಮನಿರುತ್ತದೆಯೇ? ಮಲತಾಯಿ ಕೂಸನ್ನು ಉಪವಾಸ ಕೆಡವಿದ್ದಾಳೆಂದು ಗುಲ್ಲಾಯಿತು. ಬರುವ ಅಮಾವಾಸ್ಯೆಗೆ ಪಾರಿಯ ತಾಯಿಯ ತಾಯಿ ಬಂದು ಮೊಮ್ಮಗಳನ್ನು ಕರೆದೊಯ್ಯುವುದೆಂದು ನಿಶ್ಚಯವಾಗಿಹೋಯಿತು.

“ಒಂದು ತಾಯಿತ ಕೊಡ್ರಿ ಯಪ್ಪಾ. ನನ್ನ ಕೂಸು ಕೈ ಬಿಟ್ಟು ಹೋಗತೈತಿ,” ಎಂದು ಆಕೆ ಪಾದ ಹಿಡಿದಳು.

“ಕೂಸಿಗೆ ಏನು ಸೇರತೈತವ್ವಾ?” ಎಂದು ಪೂಜ್ಯರು ಕೇಳಿದರು.

ಅದನ್ನು ಚನ್ನವೀರವ್ವ ಯಾವತ್ತೂ ನೋಡಿಯೇ ಇರಲಿಲ್ಲ.

ಪೂಜ್ಯರು ನವಣೆಯ ಮೊರವನ್ನು ಆಕೆಯ ಕೈಗಿತ್ತು ಹಿತ್ತಿಲು ತೋರಿಸಿದರು. ಆಕೆ ಕಾಳು ಚೆಲ್ಲಿ ಅಲ್ಲೇ ನಿಂತು, “ಬರ್ರಿ, ತಿನ್ರಿ,” ಎಂದು ಕರೆದಳು. ಬೇವಿನ ಗಿಡದ ತುಂಬ ಗುಬ್ಬಿಗಳು ಚೀರಾಡಿದವೇ ಹೊರತು ಒಂದೂ ಕೆಳಗಿಳಿಯಲಿಲ್ಲ. ಆಕೆಯ ಎದೆ ಒಡೆದುಹೋಯಿತು.

“ನೋಡ್ರಿ ಯಪ್ಪಾ, ಹಕ್ಕಿಗೂ ನನ್ನ ಕೈ ಬ್ಯಾಡಾಗೇತಿ!”

“ಕಾಳು ಚಲೋ ಅದಾವ ತಾಯಿ, ಕೈನೂ ಚಲೋ ಐತಿ. ನೀ ಹಿಂದಕ ಸರಿ.”

ಆಕೆ ಬಾಗಿಲತನಕ ಸರಿದಳು.

“ಮಾರಿ ಆಕಡೆ ಮಾಡು.”

ಆಕೆ ಗೋಡೆಯತ್ತ ಮುಖ ಮಾಡಿದಳು. ತುಸು ಹೊತ್ತಿಗೆ ಬೆನ್ನ ಹಿಂದೆ ರೆಕ್ಕೆ ಬಡಿದ ಸದ್ದು, ಆಮೇಲೆ ಚಿಲಿಪಿಲಿಯೋ ಚಿಲಿಪಿಲಿ. ತಿರುಗಿ ನೋಡಬೇಕೆಂಬ ಆಸೆಯನ್ನು ಆಕೆ ಹೇಗೆ ತಡೆದಳೋ ಆ ಶಿವನೇ ಬಲ್ಲ.

ಅಂದಿನಿಂದ ಚನ್ನವೀರವ್ವ ಕೂಸಿನ ಬೆನ್ನು ಹತ್ತುವುದನ್ನು ಬಿಟ್ಟು ದೂರದಿಂದ ಗಮನಿಸಿದಳು. ಪಾರಿ ಚೀಲದ ಶೇಂಗಾವನ್ನು ಕದ್ದು ಕದ್ದು ಬಾಯಿಗೆ ಹಾಕಿಕೊಳ್ಳುತ್ತಿದ್ದುದು ಆಗ ಕಣ್ಣಿಗೆ ಬಿತ್ತು. ಮರುದಿನ ಬಿಸಿ ರೊಟ್ಟಿಯ ಮೇಲೆ ಶೇಂಗಾ ಚಟ್ನಿ, ಮೊಸರು ಹಾಕಿ, ತಾಟನ್ನು ಪಡಸಾಲೆಯಲ್ಲಿಟ್ಟಳು. ಉಣ್ಣು ಎನ್ನಲಿಲ್ಲ. ಬೀಸುವ ಕಲ್ಲಿನ ಮುಂದೆ ಬೆನ್ನು ತಿರುಗಿಸಿ ಕೂತಳು. ಬಹಳ ಹೊತ್ತಿನ ಮೇಲೆ ರೊಟ್ಟಿ ಮುರಿದ ಸಪ್ಪಳ ಕೇಳಿತು. ಕಣ್ಣೀರು ಧಾರೆಯಾಗಿ ಹಿಟ್ಟಿಗೆ ಬಿತ್ತು. ಆದರೂ ಆಕೆ ತಿರುಗಲಿಲ್ಲ.

“ಚಟ್ನಿ ಭಾಳ ಖಾರ ಆಗೇತಿ,” ಎಂದಿತು ಕೂಸು.

“ನಾಳೆ ಖಾರ ಕಡಿಮಿ ಹಾಕ್ತೀನಿ,” ಎಂದಳು ಚನ್ನವೀರವ್ವ, ಗೋಡೆಗೇ.

ಅಮಾವಾಸ್ಯೆ ಬಂತು, ಅಜ್ಜಿಯೂ ಬಂದಳು. ಮೊಮ್ಮಗಳ ಗಲ್ಲ ಸವರಿ, “ನಮ್ಮೂರಿಗೆ ಬರತೀಯೇನವ್ವಾ?” ಎಂದು ಕೇಳಿದಳು.

“ಒಲ್ಲೆ. ರೊಟ್ಟಿ ಬಡಿಯೋದು ಕಲಿಯಾಕತ್ತೀನಿ,” ಎಂದಳು ಪಾರಿ.

ಒಳಗೆ ಹಂಚಿನ ಮುಂದಿದ್ದ ಚನ್ನವೀರವ್ವನಿಗೆ ಅದು ಕೇಳಿಸಿತು. ಓಡಿ ಬಂದು ಕೂಸನ್ನು ಅವುಚಿಕೊಳ್ಳಬೇಕೆಂದು ಜೀವ ಹಾತೊರೆಯಿತು. ಬರಲಿಲ್ಲ. ಹಿಟ್ಟಿನ ಕೈಗಳನ್ನೇ ಜೋಡಿಸಿ, ಕೂತಲ್ಲಿಂದಲೇ ಮಠದ ದಿಕ್ಕಿಗೆ ಹಣೆ ಬಾಗಿಸಿದಳು.